ಕನಗನಹಳ್ಳಿಯ ಶಿಲೆಯಲ್ಲಿ ಅಶೋಕ
(ನಾಡಹಬ್ಬದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಾಡಹಬ್ಬದ ಉಪನ್ಯಾಸವೆಂದರೆ ಬನವಾಸಿಯಿಂದ ಹೊರಟು ಬಾದಾಮಿ, ಮಾನ್ಯಖೇಟ, ಕಲ್ಯಾಣ, ದ್ವಾರಸಮುದ್ರಗಳನ್ನು ಹಾಯ್ದು, ವಿಜಯನಗರದ ಹಾಳುಗುಡಿಗಳ ನಡುವೆ ನಿಂತು ನಿಟ್ಟುಸಿರು ಬಿಡುವದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಆ ಪ್ರಯಾಣವು ಬೇಡವೆಂದು ನಾನು ಹೇಳುವದಿಲ್ಲ. ಆಲೂರ ವೆಂಕಟರಾಯರು ೧೯೦೫ರಲ್ಲಿ ಹಂಪೆಯನ್ನು ಕಂಡಿರದಿದ್ದರೆ ಕರ್ನಾಟಕವೆಂಬ ಭಾವನೆಯೇ ನಮ್ಮಲ್ಲಿ ಎಷ್ಟು ತಡವಾಗಿ ಮೊಳೆಯುತ್ತಿತ್ತೋ ಯಾರು ಬಲ್ಲರು? ಆದರೆ ಇಂದು ನಾನು ನಿಮ್ಮನ್ನು ಅಷ್ಟು ದೂರ ಸುತ್ತಿಸಲಾರೆ. ಒಂದೇ ಒಂದು ಕಲ್ಲಿನ ಮುಂದೆ ನಿಮ್ಮನ್ನು ನಿಲ್ಲಿಸಿ, ಅದರ ಮೇಲೆ ಏನು ಕೆತ್ತಿದೆ, ಹಾಗೆ ಏಕೆ ಕೆತ್ತಿದೆ ಎಂಬಷ್ಟನ್ನು ಮಾತ್ರ ಅರಿಕೆ ಮಾಡಿಕೊಳ್ಳುವೆನು. ನಾನು ಶಾಸನತಜ್ಞನಲ್ಲ, ತಜ್ಞರು ಓದಿಕೊಟ್ಟದ್ದನ್ನು ಮನಸ್ಸಿಟ್ಟು ಓದಿದವನು.

ಕಲಬುರ್ಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಭೀಮಾನದಿಯ ದಂಡೆಯ ಮೇಲೆ ಸನ್ನತಿಯೆಂಬ ಕ್ಷೇತ್ರವಿರುವದು ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಚಂದ್ರಲಾಂಬಾದೇವಿಯ ಒಕ್ಕಲಿನವರು ಹರಕೆ ಹೊತ್ತು ಅಲ್ಲಿಗೆ ಹೋಗುವರು. ಹೊಳೆಯಲ್ಲಿ ಮಿಂದು, ತಾಯಿಗೆ ಉಡಿ ತುಂಬಿ, ಪ್ರಸಾದ ಕಟ್ಟಿಕೊಂಡು ಮರಳುವರು. ಅಲ್ಲಿಂದ ಸುಮಾರು ೩ ಕಿಲೋಮೀಟರ ದೂರದಲ್ಲಿ ಕನಗನಹಳ್ಳಿಯಿದೆ. ಅಲ್ಲಿಯ ವರೆಗೆ ಹೋಗುವವರು ಮಾತ್ರ ಬಹಳ ವಿರಳ. ಸನ್ನತಿಯ ಪರಿಸರದಲ್ಲಿ ಬೌದ್ಧರ ಅವಶೇಷಗಳಿವೆಯೆಂದು ೧೯೫೪ರಲ್ಲಿ ಮೊದಲು ಕಂಡು ಜಗತ್ತಿಗೆ ತಿಳಿಸಿದವರು ನಮ್ಮ ಕಪಟರಾಳ ಕೃಷ್ಣರಾಯರು. ಮುಂದೆ ಶತಮಾನದ ಕೊನೆಯ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಕೆ. ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಕನಗನಹಳ್ಳಿಯ ದಿಬ್ಬವನ್ನು ಅಗೆಯಿಸಿದಾಗ, ಮಣ್ಣಿನ ಕೆಳಗೆ ಒಂದು ಮಹಾಸ್ತೂಪವೇ ಕುಸಿದು ಮಲಗಿದ್ದುದು ಕಂಡಿತು. ಶಾಸನಗಳು ಅದನ್ನು ಮಹಾಚೈತ್ಯವೆಂದು ಕರೆಯುತ್ತವೆ. ಆ ಸ್ತೂಪದ ಮೈಗೆ ಹೊದಿಸಿದ್ದ ಕೆತ್ತನೆಯ ಫಲಕಗಳಲ್ಲಿ ಒಂದರ ಮೇಲೆ ಒಬ್ಬ ಅರಸನೂ ಅವನ ರಾಣಿಯೂ ನಿಂತಿದ್ದಾರೆ. ಸುತ್ತಲೂ ಸೇವಕಿಯರು, ಕೆಲವರ ಕೈಯಲ್ಲಿ ಚಾಮರ, ಅರಸನ ತಲೆಯ ಮೇಲೆ ಛತ್ರ. ಅರಸನಿಗೆ ದಪ್ಪನೆಯ ಪಾಗು, ಕಿವಿಗೆ ಭಾರವಾದ ಆಭರಣ, ಕೊರಳಲ್ಲಿ ಹಾರ. ಅದೇ ಫಲಕದ ಮೇಲೆ ಬ್ರಾಹ್ಮೀಲಿಪಿಯಲ್ಲಿ ಎರಡೇ ಶಬ್ದಗಳು: ‘ರಾಯೋ ಅಸೋಕೋ.’ ಅರ್ಥಾತ್, ಅಶೋಕರಾಜನು.

ಇದೇನು ಸಾಮಾನ್ಯ ಸಂಗತಿಯಲ್ಲ. ಸಾಂಚಿಯ ತೋರಣಗಳ ಮೇಲೆ ಅಶೋಕನ ಕಥೆಯೆಂದು ವಿದ್ವಾಂಸರು ಗುರುತಿಸಿದ ಚಿತ್ರಗಳಿವೆ. ರಾಮಗ್ರಾಮದ ಸ್ತೂಪಕ್ಕೆ ಹೋಗುವ ಅರಸನಿದ್ದಾನೆ. ಬೋಧಿವೃಕ್ಷವು ಬಾಡಿತೆಂದು ಎದೆಗುಂದಿ ರಾಣಿಯರ ತೋಳಿಗೆ ಒರಗಿದ ಅರಸನಿದ್ದಾನೆ. ಆದರೆ ಅಲ್ಲೆಲ್ಲ ಗುರುತು ನಮ್ಮ ಊಹೆಯದು, ಗ್ರಂಥಗಳ ಕಥೆಯನ್ನು ಕಲ್ಲಿನ ಕಥೆಗೆ ಹೊಂದಿಸಿದ್ದು. ಕೆತ್ತಿದವನೇ ‘ಇವನು ಅಶೋಕನು’ ಎಂದು ಬರೆದಿಟ್ಟದ್ದು ಕನಗನಹಳ್ಳಿಯಲ್ಲಿ ಮಾತ್ರ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ಅಶೋಕನ ಶಾಸನಗಳನ್ನು ಓದುವ ಕೀಲಿಕೈಯನ್ನು ಜೇಮ್ಸ್ ಪ್ರಿನ್ಸೆಪನು ೧೮೩೭ರಲ್ಲಿ ಕಂಡುಹಿಡಿದನು. ಓದಿ ನೋಡಿದರೆ ಎಲ್ಲೆಡೆಯೂ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳೇ! ಅರಸನ ಸ್ವಂತ ಹೆಸರಿನ ಸುಳಿವೇ ಇಲ್ಲ. ಸಿಂಹಳದ ಪಾಳಿ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನೂರನು ಪ್ರಿಯದರ್ಶಿಯೇ ಅಶೋಕನೆಂದು ತೋರಿಸಿಕೊಟ್ಟನು. ಲೋಕವು ಅದನ್ನು ಒಪ್ಪಿತು. ಒಪ್ಪಿದರೂ ಅದು ಗ್ರಂಥದ ಸಾಕ್ಷಿಯೇ ಹೊರತು ಕಲ್ಲಿನ ಸಾಕ್ಷಿಯಲ್ಲ. ಸುಮಾರು ಎಂಬತ್ತು ವರ್ಷ ಹೀಗೆಯೇ ಕಳೆಯಿತು. ೧೯೧೫ರಲ್ಲಿ ರಾಯಚೂರ ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರನ್ನು ಹುಡುಕುತ್ತ ಗುಡ್ಡ ಸುತ್ತುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಒಂದು ಬಂಡೆಯ ಮೇಲಿನ ಬರಹ ಬಿತ್ತು. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಕೊರೆದಿತ್ತು. ಚಿನ್ನವನ್ನು ಅರಸಿ ಹೊರಟವನಿಗೆ ಚಿನ್ನಕ್ಕಿಂತಲೂ ಮಿಗಿಲಾದದ್ದು ಸಿಕ್ಕಿತು! ಮುಂದೆ ಬಳ್ಳಾರಿಯ ಕಡೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು.

ಹೀಗೆ, ಮೌರ್ಯ ಚಕ್ರವರ್ತಿಯ ಹೆಸರನ್ನು ಕಲ್ಲಿನಲ್ಲಿ ಮೊದಲು ಕೊಟ್ಟದ್ದು ಮಸ್ಕಿ. ಹೆಸರಿನೊಡನೆ ರೂಪವನ್ನು ಕೊಟ್ಟದ್ದು ಕನಗನಹಳ್ಳಿ. ಪಾಟಲೀಪುತ್ರದಿಂದ ನೂರಾರು ಹರದಾರಿ ದೂರದ ಈ ಎರಡು ಹಳ್ಳಿಗಳೂ ಒಂದು ಕಾಲಕ್ಕೆ ನಿಜಾಮನ ರಾಜ್ಯದೊಳಗೆ ಸೇರಿ, ಕನ್ನಡ ನುಡಿಯುವವರ ಮನೆಯಾಗಿದ್ದೂ ಕನ್ನಡದ ಆಡಳಿತವಿಲ್ಲದೆ ಇದ್ದವು. ೧೯೪೮ರಲ್ಲಿ ಆ ಸಂಸ್ಥಾನವು ಕೊನೆಗೊಂಡು, ೧೯೫೬ರ ನವ್ಹೆಂಬರ ೧ರಂದು ಕಲಬುರ್ಗಿ, ರಾಯಚೂರ, ಬೀದರಗಳು ಮಿಕ್ಕ ಕನ್ನಡ ನಾಡಿನೊಡನೆ ಒಂದಾದವು. ಏಕೀಕರಣವೆಂದರೆ ನಕ್ಷೆಯ ಮೇಲಿನ ಗೆರೆ ಅಳಿಸುವದು ಮಾತ್ರವೆಂದು ತಿಳಿದವರಿಗೆ ನನ್ನದೊಂದು ಪ್ರಶ್ನೆ: ನಾವು ಆ ಜಿಲ್ಲೆಗಳನ್ನು ಕೂಡಿಸಿಕೊಂಡೆವು ನಿಜ, ಆದರೆ ಆ ಜಿಲ್ಲೆಗಳ ಕಲ್ಲುಗಳನ್ನು ನಮ್ಮ ನೆನಪಿನಲ್ಲಿ ಕೂಡಿಸಿಕೊಂಡೆವೇ? ಮೈಸೂರ ಸೀಮೆಯ ಹುಡುಗನಿಗೆ ಬೇಲೂರಿನ ಮದನಿಕೆಯರು ಗೊತ್ತು. ಧಾರವಾಡದ ಹುಡುಗನಿಗೆ ಬಾದಾಮಿಯ ಗುಹೆಗಳು ಗೊತ್ತು. ಭೀಮೆಯ ದಂಡೆಯ ಈ ಅರಸುದಂಪತಿಗಳು ಇಬ್ಬರಿಗೂ ಅಪರಿಚಿತರು.

ಇರಲಿ, ಕಲ್ಲಿಗೆ ಮರಳೋಣ. ಈ ಶಿಲ್ಪದ ಸುದ್ದಿ ಹೊರಬಿದ್ದಾಗ ‘ಅಶೋಕನ ನಿಜವಾದ ಭಾವಚಿತ್ರ ಸಿಕ್ಕಿತು’ ಎಂದು ಕೆಲವರು ಸಂಭ್ರಮಪಟ್ಟರು. ಆ ಸಂಭ್ರಮದಲ್ಲಿ ನಾನು ಪಾಲುಗೊಳ್ಳಲಾರೆ. ಅಶೋಕನು ಆಳಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಈ ಫಲಕವು ಸಾತವಾಹನರ ಕಾಲದ್ದು. ಅಂದರೆ ಚಕ್ರವರ್ತಿಯು ತೀರಿಕೊಂಡು ಇನ್ನೂರು ವರ್ಷಗಳಾದರೂ ಆದ ಮೇಲಿನದು. ಕೆತ್ತಿದ ಶಿಲ್ಪಿಯು ಅಶೋಕನನ್ನು ಕಂಡವನಲ್ಲ, ಕಂಡವರನ್ನು ಕಂಡವನೂ ಅಲ್ಲ. ಅವನು ಆ ಅರಸನಿಗೆ ತೊಡಿಸಿದ ಪಾಗು, ಆಭರಣ, ನಿಲುವು ಎಲ್ಲವೂ ತನ್ನ ಕಾಲದ ಅರಸರದು. ಅದೇ ಸ್ತೂಪದ ಮೇಲಿರುವ ಸಾತವಾಹನ ರಾಜರನ್ನೂ ಅವನು ಹೆಚ್ಚುಕಡಿಮೆ ಹಾಗೆಯೇ ಕೆತ್ತಿದ್ದಾನೆ. ಹೆಸರಿನ ಪಟ್ಟಿಯನ್ನು ಅಳಿಸಿದರೆ ಇವನು ಯಾವ ಅರಸನೆಂದು ಹೇಳಲು ಯಾರಿಂದಲೂ ಆಗದು. ಆದುದರಿಂದಲೇ ಶಿಲ್ಪಿಯು ಹೆಸರನ್ನು ಬರೆದನು!

ಹಾಗಾದರೆ ಈ ಕಲ್ಲಿನ ಬೆಲೆ ಕಡಿಮೆಯಾಯಿತೇ? ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ಮುಖದ ಪ್ರತಿಬಿಂಬವು ಕಣ್ಣಿದ್ದವನಿಗೆ ಸಾಧ್ಯ. ಇನ್ನೂರು ವರ್ಷಗಳ ಮೇಲೆ ಹೆಸರು ಹಿಡಿದು ಕರೆಯುವದು ಕೃತಜ್ಞತೆಯಿದ್ದವರಿಗೆ ಮಾತ್ರ ಸಾಧ್ಯ. ಅಷ್ಟು ಹೊತ್ತಿಗೆ ಮೌರ್ಯವಂಶವು ಹೇಳಹೆಸರಿಲ್ಲದಂತಾಗಿತ್ತು. ಅಶೋಕನನ್ನು ಹೊಗಳಿದರೆ ಕಾಣಿಕೆ ಕೊಡುವ ಒಡೆಯನಾರೂ ಉಳಿದಿರಲಿಲ್ಲ. ಆದರೂ ಭೀಮೆಯ ದಂಡೆಯ ಜನರು ಆ ಅರಸನನ್ನು ನೆನಪಿನಲ್ಲಿಟ್ಟುಕೊಂಡು, ತಮ್ಮ ಪೂಜಾಸ್ಥಾನದ ಗೋಡೆಯ ಮೇಲೆ ಅವನಿಗೊಂದು ಎಡೆ ಕೊಟ್ಟರು.

ಆದರೆ ಯಾವ ಎಡೆ? ಕಲ್ಲಿನ ಸಂಕೇತವು ಇರುವದು ಇಲ್ಲಿ. ಇದನ್ನು ತಿಳಿಯಬೇಕಾದರೆ ಫಲಕವನ್ನು ಒಂಟಿಯಾಗಿ ನೋಡಬಾರದು. ಅದು ನಿಂತಿದ್ದ ಸ್ಥಳದಲ್ಲಿಟ್ಟು ನೋಡಬೇಕು.

ಸ್ತೂಪವೆಂದರೆ ಗುಡಿಯಲ್ಲ. ಅದಕ್ಕೆ ಒಳಗಿಲ್ಲ, ಗರ್ಭಗೃಹವಿಲ್ಲ, ಬಾಗಿಲಿಲ್ಲ. ಬುದ್ಧನ ಇಲ್ಲವೆ ಪೂಜ್ಯರಾದ ಭಿಕ್ಷುಗಳ ಧಾತುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಒಂದು ದುಂಡನೆಯ ದಿಬ್ಬವದು. ಕೆಳಗೆ ದುಂಡುಗಟ್ಟೆ, ಅದರ ಮೇಲೆ ಬೋರಲು ಹಾಕಿದ ಬಟ್ಟಲಿನಂತೆ ಅಂಡ, ಶಿಖರದಲ್ಲಿ ಕಲ್ಲಿನ ಛತ್ರ, ಸುತ್ತಲೂ ಕಟಾಂಜನ. ಭಕ್ತನು ಒಳಹೊಕ್ಕು ನೋಡುವಂತಿಲ್ಲ. ಬಲಕ್ಕಿಟ್ಟುಕೊಂಡು ಸುತ್ತು ಬರಬೇಕು. ನಾವು ಅರಳೀಮರವನ್ನು ಸುತ್ತುವದಿಲ್ಲವೇ, ಅದರಂತೆ. ಕನಗನಹಳ್ಳಿಯಲ್ಲಿ ದುಂಡುಗಟ್ಟೆಗೂ ಅದರ ಮೇಲ್ಭಾಗಕ್ಕೂ ಆ ಸೀಮೆಯ ಸುಣ್ಣಕಲ್ಲಿನ ಫಲಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ಶಹಾಬಾದದ ಕಲ್ಲೆಂದು ನಮ್ಮ ಮನೆಗಳ ನೆಲಕ್ಕೆ ಹಾಸುತ್ತೇವಲ್ಲ, ಅದರ ನೆರೆಹೊರೆಯ ಕಲ್ಲೇ. ಅದು ನಯವಾದ ಕಲ್ಲು, ಉಳಿಗೆ ಒಲಿಯುವ ಕಲ್ಲು. ಕೂದಲೆಳೆಯಂಥ ಗೆರೆಯನ್ನೂ ಹಿಡಿದಿಡುವದು. ಅಮರಾವತಿ, ನಾಗಾರ್ಜುನಕೊಂಡಗಳ ಶಿಲ್ಪಿಗಳೂ ಇಂಥ ಕಲ್ಲಿನಲ್ಲಿಯೇ ಕೆಲಸ ಮಾಡಿದರು. ಇಲ್ಲಿಯ ಶಿಲ್ಪವು ಅವುಗಳ ಬಳಗದ್ದೇ. ಸುತ್ತು ಬರುವ ಭಕ್ತನ ಕಣ್ಣ ಮುಂದೆ ಈ ಫಲಕಗಳು ಒಂದರ ತರುವಾಯ ಒಂದು ಬರುವವು. ಪುರಾಣಿಕನು ಬಾಯಿಯಿಂದ ಹೇಳುವದನ್ನು ಕಲ್ಲು ಮೌನವಾಗಿ ಹೇಳುವದು.

ಏನು ಹೇಳುವದು? ಜಾತಕಕಥೆಗಳನ್ನು, ಬುದ್ಧನ ಜೀವನದ ಪ್ರಸಂಗಗಳನ್ನು, ಅರಸರ ಸೇವೆಗಳನ್ನು. ಒಂದೆಡೆ ಸಾತಕರ್ಣಿರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುವನು, ಹಾಗೆಂದು ಬರಹವಿದೆ. ಇನ್ನೊಂದೆಡೆ ಪುಳುಮಾವಿರಾಜನು ಉಜ್ಜಯಿನಿಯನ್ನು ಒಬ್ಬನಿಗೆ ಕೊಟ್ಟುಬಿಡುವನು. ಗೆದ್ದ ಊರಿನ ಪಟ್ಟಿಯನ್ನು ಬರೆಯಿಸಿದ ಅರಸರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಕೊಟ್ಟ ಊರನ್ನು ಕೆತ್ತಿಸಿದವರು ಎಷ್ಟು ಮಂದಿ?

ಬುದ್ಧನ ಚರಿತ್ರೆಯ ಫಲಕಗಳಿಗೆ ಬಂದಾಗ ಹೊಸಬನಿಗೆ ಒಂದು ಬೆರಗು ಕಾದಿರುವದು. ಅಲ್ಲಿ ಭಕ್ತರಿದ್ದಾರೆ, ಮರವಿದೆ, ಚಕ್ರವಿದೆ, ಕೈಮುಗಿದ ಹೆಂಗಸರಿದ್ದಾರೆ, ಸಿಂಹಾಸನವೂ ಇದೆ. ಆದರೆ ಸಿಂಹಾಸನದ ಮೇಲೆ ಯಾರೂ ಇಲ್ಲ! ಬರಿದಾದ ಪೀಠ. ಅದರ ಕೆಳಗೆ ಚಕ್ರದ ಗುರುತುಳ್ಳ ಎರಡು ಅಡಿಗಳು. ಬೋಧಿವೃಕ್ಷದ ಕೆಳಗೆ ಬರಿ ಪೀಠವಿದ್ದರೆ ಅದು ಜ್ಞಾನೋದಯ. ಪೀಠದ ಮೇಲೆ ಚಕ್ರ ನಿಂತಿದ್ದರೆ ಅದು ಮೃಗದಾವದಲ್ಲಿ ನಡೆದ ಮೊದಲ ಉಪದೇಶ. ಸ್ತೂಪವನ್ನೇ ಕೆತ್ತಿದ್ದರೆ ಅದು ಪರಿನಿರ್ವಾಣ. ಸಾಂಚಿಯಲ್ಲಿಯೂ ಅಮರಾವತಿಯಲ್ಲಿಯೂ ಸಿದ್ಧಾರ್ಥನು ಮನೆಬಿಟ್ಟು ಹೊರಟ ರಾತ್ರಿಯನ್ನು ಕೆತ್ತುವಾಗ, ಕುದುರೆಯನ್ನು ಕೆತ್ತಿ, ಅದರ ಬೆನ್ನನ್ನು ಬರಿದಾಗಿ ಬಿಟ್ಟು, ಆ ಬರಿ ಬೆನ್ನಿನ ಮೇಲೆ ಒಂದು ಛತ್ರವನ್ನು ಹಿಡಿಸಿರುವರು. ಛತ್ರವಿದೆ, ಸವಾರನಿಲ್ಲ, ಸವಾರನಿಲ್ಲವಾದುದರಿಂದಲೇ ಅವನಾರೆಂದು ನಮಗೆ ತಿಳಿಯುವದು.

ಹೀಗೇಕೆ ಮಾಡಿದರು? ಈ ವಿಷಯದಲ್ಲಿ ಪಂಡಿತರ ಜಗಳ ಇನ್ನೂ ತೀರಿಲ್ಲ. ಬುದ್ಧನ ವಿಗ್ರಹವನ್ನು ಮೊದಲು ಕೊಟ್ಟವರು ಗಾಂಧಾರದ ಯವನಪ್ರಭಾವದ ಶಿಲ್ಪಿಗಳೆಂದೂ ಅದಕ್ಕೆ ಮೊದಲು ಭಾರತೀಯ ಶಿಲ್ಪಿಗೆ ಆ ಧೈರ್ಯವಿರಲಿಲ್ಲವೆಂದೂ ಫ್ರೆಂಚ ವಿದ್ವಾಂಸ ಫೂಶೆಯವರು ವಾದಿಸಿದರು. ಆನಂದ ಕುಮಾರಸ್ವಾಮಿಯವರು ೧೯೨೭ರಲ್ಲಿ ಅದಕ್ಕೆ ಉತ್ತರವಿತ್ತು, ಮಥುರೆಯ ಯಕ್ಷಮೂರ್ತಿಗಳ ಪರಂಪರೆಯಿಂದಲೇ ಬುದ್ಧವಿಗ್ರಹವು ಹುಟ್ಟಿತೆಂದು ತೋರಿಸಿದರು. ೧೯೯೦ರಲ್ಲಿ ಸೂಸನ್ ಹಂಟಿಂಗ್ಟನ್ ಎಂಬ ವಿದುಷಿಯು ಮೂರನೆಯ ಮಾತನ್ನು ಹೇಳಿದಳು: ಇಂಥ ಅನೇಕ ಫಲಕಗಳಲ್ಲಿರುವದು ಬುದ್ಧನ ಜೀವನಪ್ರಸಂಗವೇ ಅಲ್ಲ, ಅವನ ತರುವಾಯ ಆ ಪುಣ್ಯಸ್ಥಳಗಳಿಗೆ ಹೋಗಿ ಮರವನ್ನೂ ಪೀಠವನ್ನೂ ಪೂಜಿಸಿದ ಯಾತ್ರಿಕರ ಚಿತ್ರ. ಈ ವಾದವು ನನಗೆ ಹಿಡಿಸುವದು. ಪೂರ್ತಿಯಾಗಿ ಹಿಡಿಸುವದೆಂದು ಮಾತ್ರ ಹೇಳಲಾರೆ. ಸವಾರನಿಲ್ಲದ ಕುದುರೆಗೆ ಛತ್ರ ಹಿಡಿದದ್ದು ಯಾತ್ರೆಯ ಚಿತ್ರವೆಂದು ಹೇಳಲು ಬಾರದಷ್ಟೇ! ಕನಗನಹಳ್ಳಿಯಲ್ಲಿಯಂತೂ ಎರಡೂ ಬಗೆ ಇವೆ. ಬರಿ ಪೀಠಗಳೂ ಅಲ್ಲಿವೆ. ತುಸು ಈಚಿನ ಕಾಲದವೆಂದು ತೋರುವ ಬುದ್ಧವಿಗ್ರಹಗಳೂ, ಗೌತಮನಿಗಿಂತ ಮೊದಲಿನ ಬುದ್ಧರ ಹೆಸರನ್ನು ಬರೆದ ಪೀಠಗಳೂ ಅಲ್ಲಿವೆ. ಒಂದೇ ಸ್ತೂಪದ ಸುತ್ತಿನಲ್ಲಿ ಕಾಣದ ಬುದ್ಧನೂ ಕಾಣುವ ಬುದ್ಧನೂ ನೆರೆಹೊರೆಯವರಾಗಿದ್ದರು. ಅಲ್ಲಿಯ ಭಕ್ತರಿಗೆ ಅದು ಜಗಳದ ವಿಷಯವಾಗಿರಲಿಲ್ಲವೆಂದು ತೋರುವದು.

ಈಗ ಛತ್ರಚಾಮರಗಳ ಮಾತನ್ನು ಎತ್ತಿಕೊಳ್ಳುವೆನು. ನಾನು ಹೇಳಬೇಕೆಂದು ಬಂದ ಮಾತು ಇದೇ. ಛತ್ರಚಾಮರವೆಂದರೆ ನಮ್ಮಲ್ಲಿ ರಾಜಲಾಂಛನ. ಅರಸನಲ್ಲದವನ ತಲೆಯ ಮೇಲೆ ಬೆಳ್ಗೊಡೆ ಹಿಡಿದರೆ ಅದು ದ್ರೋಹ. ಸಿದ್ಧಾರ್ಥನು ಬಿಟ್ಟು ಹೊರಟದ್ದು ಈ ಛತ್ರವನ್ನೇ. ಅವನು ಬಿಟ್ಟ ಛತ್ರವನ್ನು ಶಿಲ್ಪಿಗಳು ಅವನ ಬೆನ್ನಟ್ಟಿ ತಂದು, ಅವನು ಕುಳಿತೆದ್ದ ಬರಿ ಪೀಠದ ಮೇಲೆ ಹಿಡಿದರು. ಕೊನೆಗೆ ಅವನ ಧಾತುವನ್ನು ಹೊತ್ತ ಸ್ತೂಪದ ನೆತ್ತಿಯ ಮೇಲೆಯೇ ನಿಲ್ಲಿಸಿದರು. ಕನಗನಹಳ್ಳಿಯಲ್ಲಿ ಸುತ್ತು ಬರುವ ಭಕ್ತನು ಒಂದು ಫಲಕದಲ್ಲಿ ಅಶೋಕನ ತಲೆಯ ಮೇಲೆ ಛತ್ರವನ್ನು ಕಾಣುವನು, ಅವನ ಇಕ್ಕೆಲದಲ್ಲಿ ಚಾಮರವನ್ನು ಕಾಣುವನು. ಮುಂದೆ ನಡೆದರೆ ಆ ಮರ್ಯಾದೆಯೇ ಯಾರೂ ಕುಳಿತಿಲ್ಲದ ಪೀಠಕ್ಕೆ ಸಲ್ಲುವದನ್ನು ಕಾಣುವನು. ತಲೆಯೆತ್ತಿದರೆ ಎಲ್ಲಕ್ಕೂ ಮೇಲೆ, ಆಕಾಶಕ್ಕೆ ಎದುರಾಗಿ, ಸ್ತೂಪದ ಛತ್ರ. ಯಾರ ಛತ್ರದ ನೆರಳಿನಲ್ಲಿ ಯಾರು ನಿಂತಿದ್ದಾರೆಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇಡಿಯ ಭರತಖಂಡವನ್ನು ಬಹುಮಟ್ಟಿಗೆ ಆಳಿದ ಚಕ್ರವರ್ತಿಗೆ ಈ ಜನರು ಕೊಟ್ಟ ಎಡೆ ಅದು: ಗೌರವದ ಎಡೆ, ಆದರೆ ಸುತ್ತುಗೋಡೆಯ ಮೇಲಿನ ಎಡೆ. ಅರಸನು ಕಾಣುವನು, ಬುದ್ಧನು ಕಾಣುವದಿಲ್ಲ. ಸುತ್ತು ಬರುವದು ಮಾತ್ರ ಕಾಣದವನ ಸಲುವಾಗಿ.

ಅಶೋಕನು ಇದನ್ನು ಅವಮಾನವೆಂದು ತಿಳಿಯುತ್ತಿದ್ದನೇ? ತಿಳಿಯುತ್ತಿರಲಿಲ್ಲವೆಂದು ಅವನ ಶಾಸನಗಳಿಂದಲೇ ಹೇಳಬಹುದು. ಪಟ್ಟವೇರಿದ ಹತ್ತು ವರ್ಷಗಳ ಮೇಲೆ ತಾನು ಬೇಟೆಯ ವಿಹಾರಗಳನ್ನು ಬಿಟ್ಟು ಸಂಬೋಧಿಗೆ ಹೋದೆನೆಂದು ಅವನು ತನ್ನ ಎಂಟನೆಯ ಶಿಲಾಶಾಸನದಲ್ಲಿ ಬರೆಯಿಸಿದ್ದಾನೆ. ಇಪ್ಪತ್ತು ವರ್ಷಗಳ ಮೇಲೆ ಲುಂಬಿನಿಗೆ ತಾನೇ ಹೋಗಿ, ಪೂಜಿಸಿ, ಕಂಬ ನೆಡಿಸಿ, ಆ ಹಳ್ಳಿಯ ಕಂದಾಯವನ್ನು ಇಳಿಸಿದನು. ಅವನೇ ಯಾತ್ರಿಕನಾಗಿದ್ದನು. ಯಾತ್ರಿಕನನ್ನು ಯಾತ್ರಿಕರ ದಾರಿಯಲ್ಲಿಯೇ ನಿಲ್ಲಿಸಿದ್ದು ಉಚಿತವಾಯಿತು.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸು ನನಗಿಂತ ಮುಂದೆ ಓಡಿ ಕಲ್ಯಾಣಕ್ಕೆ ಹೋಗಿರುವದನ್ನು ನಾನು ಬಲ್ಲೆನು. ಬರಿದಾದ ಪೀಠವೆಂದೊಡನೆ ಅನುಭವಮಂಟಪದ ಶೂನ್ಯಸಿಂಹಾಸನವು ಯಾವ ಕನ್ನಡಿಗನಿಗೆ ನೆನಪಾಗಲಿಕ್ಕಿಲ್ಲ? ಸನ್ನತಿಯೂ ಕಲ್ಯಾಣವೂ ಬಹು ದೂರದವೇನೂ ಅಲ್ಲ. ಆದರೆ ಮಹನೀಯರೇ, ಎರಡರ ನಡುವೆ ಸಾವಿರ ವರ್ಷಗಳ ಅಂತರವಿದೆ. ಒಂದರಿಂದ ಇನ್ನೊಂದು ಬಂದಿತೆಂದು ತೋರಿಸುವ ಎಳೆ ಯಾವದೂ ನಮ್ಮ ಕೈಯಲ್ಲಿಲ್ಲ. ತತ್ತ್ವದಲ್ಲಿಯೂ ಅಲ್ಲಮನ ಶೂನ್ಯವು ಬೇರೆ, ಸ್ತೂಪದ ಬರಿ ಪೀಠವು ಬೇರೆ. ಹೋಲಿಕೆಯನ್ನು ಕಂಡು ಸಂತೋಷಪಡೋಣ, ವಂಶಾವಳಿಯನ್ನು ಮಾತ್ರ ಬರೆಯದಿರೋಣ. ಇಂಥ ಅವಸರದ ವಂಶಾವಳಿಗಳಿಂದ ನಮ್ಮ ಇತಿಹಾಸವು ಸಾಕಷ್ಟು ಕೆಟ್ಟಿದೆ.

ಫಲಕದಲ್ಲಿರುವ ರಾಣಿಯ ಕುರಿತು ಎರಡು ಮಾತು. ಆಕೆಯ ಹೆಸರನ್ನು ಶಿಲ್ಪಿಯು ಬರೆದಿಲ್ಲ. ಆದುದರಿಂದ ನಾನೂ ಊಹಿಸುವದಿಲ್ಲ. ಆದರೆ ಆಕೆಯು ಅರಸನ ಹಿಂದೆ ಅಡಗಿಲ್ಲ, ಪಕ್ಕದಲ್ಲಿ ನಿಂತಿದ್ದಾಳೆ. ಈ ಸ್ತೂಪವನ್ನು ಕಟ್ಟಿಸಿದ ದಾನಿಗಳಲ್ಲಿಯೂ ಸ್ತ್ರೀಯರು ಕಡಿಮೆಯಿಲ್ಲ. ಇಲ್ಲಿ ದೊರೆತ ಚಿಕ್ಕಪುಟ್ಟ ಶಾಸನಗಳು ಇನ್ನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ಹೆಚ್ಚಿನವು ಇಂಥವರು ಈ ಕಲ್ಲನ್ನು ಕೊಟ್ಟರೆಂಬ ಒಂದೊಂದು ಸಾಲಿನವು. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಅವರ ಹೆಂಡಿರು ಮಕ್ಕಳು, ಒಬ್ಬೊಬ್ಬರು ಒಂದೊಂದು ಫಲಕಕ್ಕೆ, ಒಂದೊಂದು ಹಾಸುಗಲ್ಲಿಗೆ ಹಣ ಕೊಟ್ಟರು. ಮಹಾಚೈತ್ಯವು ಯಾವನೊಬ್ಬ ದೊರೆಯ ಬೊಕ್ಕಸದಿಂದ ಎದ್ದದ್ದಲ್ಲ. ಅರಸನು ಬೆಳ್ಳಿಯ ತಾವರೆಗಳನ್ನು ಕೊಟ್ಟನು, ಜನರು ಕಲ್ಲನ್ನು ಕೊಟ್ಟರು.

ಇನ್ನು ಸನ್ನತಿಯದೇ ಇನ್ನೊಂದು ಕಲ್ಲಿನ ಕಥೆಯನ್ನು ಹೇಳದೆ ಮುಗಿಸಿದರೆ ನನ್ನ ಅರಿಕೆ ಅರ್ಧವಾದೀತು. ಚಂದ್ರಲಾಂಬೆಯ ಆವರಣದಲ್ಲಿ ಕಾಳಿಕಾದೇವಿಯ ಗುಡಿಯೊಂದಿದೆ. ೧೯೮೬ರಲ್ಲಿ ಆ ಗುಡಿಯ ಮಾಳಿಗೆ ಕುಸಿದು ಮೂರ್ತಿಯು ಒಡೆಯಿತು. ಭಕ್ತರಿಗೆ ಎಂಥ ಆಘಾತ! ಆದರೆ ಮೂರ್ತಿಯ ಕೆಳಗಿನ ಪೀಠದ ಕಲ್ಲನ್ನು ಎತ್ತಿ ನೋಡಿದರೆ ಅದರ ತುಂಬ ಬ್ರಾಹ್ಮೀ ಅಕ್ಷರಗಳು. ಅದು ಅಶೋಕನ ಶಾಸನದ ಫಲಕ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು, ಜೊತೆಗೆ ಅಲ್ಲಿಯ ವರೆಗೆ ಕಲಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಅಶೋಕನು ಹೇಳಿದ್ದು ಆ ಪ್ರತ್ಯೇಕ ಶಾಸನಗಳಲ್ಲಿಯೇ. ಹನ್ನೆರಡನೆಯದರ ತಾತ್ಪರ್ಯವಾದರೂ ಏನು? ತನ್ನ ಮತವನ್ನು ಅತಿಯಾಗಿ ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುವನು. ನಾಲಿಗೆಯನ್ನು ಹಿಡಿದು ಆಡಬೇಕು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಈ ಮಾತುಗಳನ್ನು ಹೊತ್ತ ಕಲ್ಲಿನ ನಡುವೆ ಯಾರೋ ಕುಳಿ ಕೊರೆದು, ಅದರೊಳಗೆ ಕಾಳಿಯನ್ನು ನಿಲ್ಲಿಸಿದ್ದರು.

ಇದನ್ನು ಕೇಳಿ ‘ನೋಡಿದಿರಾ, ಬೌದ್ಧರ ಕಲ್ಲನ್ನು ತುಳಿದರು’ ಎಂದು ಸಿಟ್ಟಾಗುವವರನ್ನು ನಾನು ಬಲ್ಲೆನು. ‘ದೇವಿಯ ಪೀಠವನ್ನು ಕಿತ್ತರು’ ಎಂದು ಸಿಟ್ಟಾಗುವವರೂ ಇರಬಹುದು. ನನಗೆ ಇಬ್ಬರ ಸಿಟ್ಟೂ ತಿಳಿಯುವದಿಲ್ಲ. ಕುಳಿ ಕೊರೆದವನಿಗೆ ಆ ಲಿಪಿ ಬರುತ್ತಿರಲಿಲ್ಲ. ಅವನ ಕಾಲಕ್ಕೆ ಅದನ್ನು ಓದಬಲ್ಲವರು ಈ ದೇಶದಲ್ಲಿಯೇ ಇರಲಿಲ್ಲವೆಂದರೂ ನಡೆದೀತು. ಒಳ್ಳೆಯ ಚಪ್ಪಟೆಯಾದ ಕಲ್ಲು ಕಂಡಿತು. ತನ್ನ ತಾಯಿಗೆ ಪೀಠ ಮಾಡಿದನು. ಅವನು ಹಾಗೆ ಮಾಡಿದ್ದರಿಂದ ಕೆಲವು ಅಕ್ಷರಗಳು ಹೋದವು, ನಿಜ. ಮಿಕ್ಕವು ಬಿಸಿಲು, ಮಳೆ, ನೇಗಿಲುಗಳಿಗೆ ಸಿಕ್ಕದೆ ಗರ್ಭಗುಡಿಯ ಕತ್ತಲಲ್ಲಿ ಉಳಿದವು. ಅಜ್ಞಾನದಿಂದ ಆದ ನಷ್ಟಕ್ಕೆ ಅವನು ಹೊಣೆಯಲ್ಲ. ತಿಳಿದೂ ತಿಳಿದೂ ನಾವು ಮಾಡುವ ನಷ್ಟದ ಲೆಕ್ಕವೇ ಬೇರೆ. ಕನಗನಹಳ್ಳಿಯ ಫಲಕಗಳು ಮಣ್ಣಿನಿಂದ ಮೇಲೆದ್ದ ಮೇಲೆ ಎಷ್ಟೋ ವರ್ಷ ಬಯಲಿನಲ್ಲಿ, ಕಲಬುರ್ಗಿಯ ಬೇಸಗೆಯ ಬಿಸಿಲಿನಲ್ಲಿ ಬಿದ್ದುಕೊಂಡಿದ್ದವು. ಈಚಿನ ವರ್ಷಗಳಲ್ಲಿ ಅವುಗಳ ಸಂರಕ್ಷಣೆಯ ಕೆಲಸ ನಡೆದಿದೆ. ಅದು ಸಂತೋಷದ ಸುದ್ದಿ. ಎರಡು ಸಾವಿರ ವರ್ಷ ಮಣ್ಣು ಕಾಯ್ದದ್ದನ್ನು ನಾವು ಇಪ್ಪತ್ತು ವರ್ಷ ಕಾಯಲು ಇಷ್ಟು ತಿಣುಕಿದೆವಲ್ಲ ಎಂಬ ನಾಚಿಕೆಯು ಮಾತ್ರ ಆ ಸಂತೋಷದ ಜೊತೆಗೇ ಇರುವದು.

ಇನ್ನೊಂದು ಎಚ್ಚರಿಕೆಯ ಮಾತು. ನಮ್ಮ ಅಭಿಮಾನಿಗಳಲ್ಲಿ ಕೆಲವರು ಈ ಶಿಲ್ಪವನ್ನು ‘ಕನ್ನಡದ ಅಶೋಕ’ನೆಂದು ಕರೆಯತೊಡಗಿದ್ದಾರೆ. ಅದು ಸರಿಯಲ್ಲ. ಆ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡದ ಹಳೆಯ ದೊಡ್ಡ ಶಾಸನವಾದ ಹಲ್ಮಿಡಿಯದು ಐದನೆಯ ಶತಮಾನದ್ದು; ಈ ಕಲ್ಲಿಗಿಂತ ಹಲವು ತಲೆಮಾರುಗಳ ಈಚಿನದು. ಸ್ತೂಪವನ್ನು ಸುತ್ತುತ್ತಿದ್ದ ಹೆಂಗಸರು ಮನೆಯಲ್ಲಿ ಯಾವ ನುಡಿಯನ್ನಾಡುತ್ತಿದ್ದರೋ, ಕಲ್ಲು ಅದನ್ನು ಹೇಳುವದಿಲ್ಲ. ಕಲ್ಲು ಹೇಳದ ಮಾತನ್ನು ನಾವು ಅದರ ಬಾಯಲ್ಲಿ ತುರುಕಬಾರದು. ನಮ್ಮ ನೆಲವು ಯಾವದೋ ಒಂದು ಭಾಷೆಯ, ಒಂದು ಮತದ ಕೋಟೆಯಾಗಿರಲಿಲ್ಲ. ಭೀಮೆಯ ದಂಡೆಯ ಮೇಲೆ ಪ್ರಾಕೃತದ ಬರಹವೂ ಇತ್ತು, ಉಜ್ಜಯಿನಿಯ ಸುದ್ದಿಯೂ ಇತ್ತು, ಮಗಧದ ಅರಸನ ನೆನಪೂ ಇತ್ತು. ಅಂಥ ನೆಲದ ವಾರಸುದಾರರು ನಾವು. ಇದಕ್ಕಿಂತ ಹೆಚ್ಚಿನ ಹೆಮ್ಮೆ ಬೇಕಾದವರಿಗೆ ಎಷ್ಟು ಕೊಟ್ಟರೂ ಸಾಲದು.

ಕೊನೆಗೆ, ನೋಡಲು ಹೋಗುವವರಿಗೆ ಒಂದು ಸೂಚನೆ. ನಡುಹಗಲಿನಲ್ಲಿ ಹೋಗಬೇಡಿರಿ. ಸುಣ್ಣಕಲ್ಲಿನ ಮೇಲೆ ಬಿಸಿಲು ನೇರವಾಗಿ ಬಿದ್ದಾಗ ತೆಳುವಾದ ಅಕ್ಷರಗಳು ಕಣ್ಣಿಗೆ ಹತ್ತುವದಿಲ್ಲ. ಬೆಳಿಗ್ಗೆ ಚಂದ್ರಲಾಂಬೆಯ ದರ್ಶನವನ್ನು ಬೇಗ ತೀರಿಸಿ, ಹೊಳೆಯ ದಂಡೆಯಿಂದ ನೇರವಾಗಿ ಕನಗನಹಳ್ಳಿಗೆ ಬನ್ನಿರಿ. ಸ್ತೂಪವನ್ನು ಬಲಕ್ಕಿಟ್ಟುಕೊಂಡು ನಡೆಯಿರಿ. ಎಳೆಬಿಸಿಲು ಓರೆಯಾಗಿ ಬೀಳು‌ವ ಹೊತ್ತಿನಲ್ಲಿ ಗೀಚಿದಂತಿರುವ ಗೆರೆಗಳು ನೆರಳು ಹಿಡಿದು ಅಕ್ಷರಗಳಾಗುವವು. ಮಕ್ಕಳನ್ನು ಕರೆದುಕೊಂಡು ಹೋದರೆ, ಬ್ರಾಹ್ಮಿಯ ‘ರ’ಕಾರವು ಬರಿ ಒಂದು ನಿಲುಗೆರೆಯೆಂದು ಮೊದಲೇ ಹೇಳಿಕೊಟ್ಟಿರಿ, ಆ ಅರಸನ ಹೆಸರನ್ನು ಅವರೇ ಹುಡುಕಿಕೊಳ್ಳುವರು.